ಅಡರಕಟ್ಟಿಯ ಹೋರಿ, ಅಸಲಿನ ಲೆಕ್ಕ

ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಹೋದವರು ಸೋಮೇಶ್ವರ ಗುಡಿಯನ್ನು ನೋಡದೆ ಬರುವುದಿಲ್ಲ. ಪುಲಿಗೆರೆ ಎಂಬುದು ಈ ಊರಿನ ಹಳೆಯ ಹೆಸರು. ಹೆಚ್ಚಿನ ಗುಡಿಗಳಲ್ಲಿ ನಂದಿ ಶಿವನ ಎದುರಿಗೆ ಕುಳಿತಿದ್ದರೆ, ಇಲ್ಲಿನ ಗರ್ಭಗುಡಿಯಲ್ಲಿ ಶಿವ ಪಾರ್ವತಿಯರು ನಂದಿಯ ಬೆನ್ನೇರಿ ಕುಳಿತಿದ್ದಾರೆ. ಎತ್ತನ್ನು ನಂಬಿ ಬದುಕಿದ ಸೀಮೆಗೆ ಒಪ್ಪುವ ದೇವರು! ಇದೇ ತಾಲೂಕಿನ ಅಡರಕಟ್ಟಿಯಲ್ಲಿ ನಂದಿಯ ವಂಶವನ್ನು ಕಾಯುತ್ತಿರುವ ಒಂದು ಮನೆಯಿದೆ. ಮಕ್ಕಳೇ, ಈ ಸಲ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತೇನೆ.

ಮಳೆಯನ್ನೇ ನಂಬಿದ ಹೊಲಗಳ ನಡುವಿನ ಊರು ಅದು. ಆ ಮನೆಯಲ್ಲಿ ನನ್ನ ವಯಸ್ಸಿನ ಅಜ್ಜ, ಅವರ ಮಗ, ಸೊಸೆ, ಏಳನೇ ತರಗತಿ ಓದುವ ಮೊಮ್ಮಗಳು. ಕೊಟ್ಟಿಗೆಯಲ್ಲಿ ನಾಲ್ಕು ಖಿಲಾರಿ ಆಕಳು, ಎರಡು ಹೋರಿಗರುಗಳು. ಖಿಲಾರಿ ತಳಿಯನ್ನು ಗುರುತಿಸುವುದು ಸುಲಭ. ಬಿಳಿ ಇಲ್ಲವೇ ಬೂದು ಬಣ್ಣದ ಮೈ, ಉದ್ದನೆಯ ಕಿರಿದಾದ ಮುಖ, ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಮೇಲೇಳುವ ಚೂಪು ಕೋಡು. ಸೊಲ್ಲಾಪುರ, ಸಾಂಗಲಿ, ಸಾತಾರಾ ಮತ್ತು ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಇದರ ತವರು. ಖಿಲಾರ ಎಂದರೆ ದನದ ಹಿಂಡು. ಹಿಂಡು ಕಾಯುವವನು ಖಿಲಾರಿ.

ಈ ಆಕಳುಗಳು ಹಾಲಿಗೆ ಹೆಸರಾದವಲ್ಲ. ಕೊಡುವ ಹಾಲೂ ಹೆಚ್ಚಿನದು ಕರುವಿನ ಪಾಲು. ಮಣಕ ಮೊದಲ ಕರು ಹಾಕಲು ಸುಮಾರು ನಾಲ್ಕು ವರ್ಷ ಬೇಕು. ಗಬ್ಬದ ಕಾಲ ಒಂಬತ್ತು ತಿಂಗಳ ಮೇಲೆ. ಅಷ್ಟೂ ದಿನ ಜೋಳದ ಕಣಿಕೆ, ಶೇಂಗಾ ಹೊಟ್ಟು, ಹಿಂಡಿ, ಹತ್ತಿಕಾಳು ಹಾಕುತ್ತಲೇ ಇರಬೇಕು. ಕಡೆಗೆ ಕೈಗೆ ದುಡ್ಡು ಬರುವುದು ಹೋರಿಗರು ಮಾರಿದಾಗ. ‘ಇದರಾಗ ಲಾಭ ಐತೇನ್ರಿ?’ ಎಂದು ಕೇಳಿದೆ. ಅಜ್ಜ ನಕ್ಕರು. ‘ವಂಶ ಗೊತ್ತಿದ್ದರ ಐತ್ರಿ, ಸಾಹೇಬ್ರ. ಗೊತ್ತಿಲ್ಲದಿದ್ದರ ಬರೇ ಹೊಟ್ಟು ಖರ್ಚು.’

ಅವರು ಮೊಮ್ಮಗಳಿಗೆ ಕೈಸನ್ನೆ ಮಾಡಿದರು. ಆಕೆ ದಪ್ಪ ರಟ್ಟಿನ ನೋಟ್‌ಬುಕ್ ತಂದಳು. ಒಂದು ಆಕಳಿಗೆ ಒಂದು ಪುಟ. ತಾಯಿ ಯಾವುದು, ಅಜ್ಜಿ ಯಾವುದು, ಯಾವ ಹೋರಿಯಿಂದ ಗಬ್ಬವಾಯಿತು, ಯಾವ ದಿನ ಈಯಿತು, ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಹಾಕಿಸಿದ್ದು, ಕರುವನ್ನು ಯಾವ ಊರಿನವರು ಕೊಂಡರು, ಎಲ್ಲವೂ ಇದೆ. ಆಕಳ ಕಿವಿಯಲ್ಲಿ ಪಶುಪಾಲನಾ ಇಲಾಖೆಯವರು ಹಾಕಿದ ಹಳದಿ ಬಿಲ್ಲೆಯ ಮೇಲಿನ 12 ಅಂಕಿಗಳನ್ನೂ ಪುಟದ ನೆತ್ತಿಯಲ್ಲಿ ಬರೆದಿದ್ದಾಳೆ. ಬ್ಯಾಂಕಿನಲ್ಲಿ ಬದುಕಿಡೀ ಲೆಡ್ಜರ್ ಬರೆದ ನನಗೆ ಆ ಅಕ್ಷರ ಕಂಡು ಹೊಟ್ಟೆ ತುಂಬಿತು. ಆ ಪುಸ್ತಕದ ದೊಡ್ಡ ಉಪಯೋಗವೆಂದರೆ, ಹೋರಿಯನ್ನು ಅದರದೇ ಮಗಳಿಗೆ ಕೂಡಿಸದಂತೆ ನೋಡಿಕೊಳ್ಳುವುದು. ರಕ್ತಸಂಬಂಧದಲ್ಲಿ ಹುಟ್ಟಿದ ಕರುಗಳು ಬರಬರುತ್ತ ಸೊರಗುತ್ತವೆ. ಅದಕ್ಕೇ ಮೂರ್ನಾಲ್ಕು ವರ್ಷಕ್ಕೊಮ್ಮೆ ಬೀಜದ ಹೋರಿಯನ್ನು ಬದಲಿಸುತ್ತಾರೆ.

ನಾವು ಮಾತಾಡುತ್ತಿರುವಾಗಲೇ ಹಾವೇರಿ ಕಡೆಯಿಂದ ಒಬ್ಬ ಗಿರಾಕಿ ಬಂದ. ಎರಡೂ ಹೋರಿಗಳ ಬೆನ್ನು ಸವರಿ, ಗೊರಸು ಎತ್ತಿ ನೋಡಿ, ನಡೆಸಿ ನೋಡಿ, ದೊಡ್ಡದರ ಮೇಲೆ ಕೈಯಿಟ್ಟ. ಆತ ಹೇಳಿದ ಬೆಲೆ ಮನೆಯ ಟ್ರ್ಯಾಕ್ಟರ್ ಸಾಲದ ಕಂತಿಗೆ ಸಾಕಾಗುವಷ್ಟಿತ್ತು. ಮಗನ ಮುಖ ಅರಳಿತು. ಅಜ್ಜ ಸುಮ್ಮನಿದ್ದರು. ಕೊಂಡವನು ಅದನ್ನು ಬೀಜ ಒಡೆಸಿ ಎತ್ತು ಮಾಡುತ್ತಾನೆ. ಎತ್ತಾದ ಹೋರಿ ಹೊಲ ಉಳುತ್ತದೆ, ತಂದೆಯಾಗುವುದಿಲ್ಲ.

‘ಸಣ್ಣದು ಒಯ್ರಿ. ದೊಡ್ಡದು ಊರಿಗೆ ಬೇಕು’ ಎಂದರು ಅಜ್ಜ.

‘ಅಪ್ಪಾ, ಕಂತು ಯಾರು ತುಂಬೋರು?’ ಎಂದ ಮಗ.

‘ಛಲೋದನ್ನೆಲ್ಲಾ ಮಾರಿದರ ನಾಳೆ ಛಲೋ ಕರಾ ಎಲ್ಲಿಂದ ಬರಬೇಕೋ?’

ಗಿರಾಕಿ ಸಣ್ಣದನ್ನು ಒಪ್ಪಲಿಲ್ಲ. ಮಗ ಅದನ್ನು ಗುರುವಾರ ಹಾವೇರಿ ಸಂತೆಗೆ ಹೊಡೆದ. ನಾನೂ ಜೊತೆಗೆ ಹೋದೆ.

ಹಾವೇರಿಯ ದನದ ಸಂತೆ ನಮ್ಮ ಕಡೆ ದೊಡ್ಡ ಹೆಸರು. ಮೊದಲು ನೋಡುವುದು ಹಲ್ಲು. ದನಕ್ಕೆ ಮುಂದಿನ ಹಲ್ಲು ಕೆಳದವಡೆಯಲ್ಲಷ್ಟೇ ಇರುತ್ತವೆ, ಒಟ್ಟು ಎಂಟು. ಹಾಲುಹಲ್ಲು ಉದುರಿ ಎರಡು, ನಾಲ್ಕು, ಆರು ಎಂದು ಜೋಡಿಜೋಡಿಯಾಗಿ ದೊಡ್ಡ ಹಲ್ಲು ಬರುತ್ತವೆ. ಎಂಟೂ ಬಂದರೆ ‘ಬಾಯಿಗೂಡಿತು’ ಎನ್ನುತ್ತಾರೆ. ಆಮೇಲೆ ಸುಳಿ ನೋಡುತ್ತಾರೆ. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ತಿಳಿಸುತ್ತಾನೆ. ಮಗ ಮಾತ್ರ ಟವೆಲ್ ಸರಿಸಿ ನೋಟ್‌ಬುಕ್ ತೆರೆದ. ಇಬ್ಬರು ನಕ್ಕು ಮುಂದೆ ಹೋದರು. ಮೂರನೆಯವರು ನಿಂತು, ಪುಟವನ್ನು ಎರಡು ಸಲ ಓದಿ, ‘ಇದರ ಅವ್ವನ್ನ ನಾ ನೋಡೇನಿ’ ಎಂದರು. ತಮ್ಮ ಊರಿನ ಆಕಳುಗಳಿಗೆ ಹೋರಿ ಬೇಕೆಂದು ಹುಡುಕುತ್ತಿದ್ದವರು ಅವರು. ದೊಡ್ಡದಕ್ಕೆ ಬಂದಿದ್ದಷ್ಟು ಬೆಲೆ ಬರಲಿಲ್ಲ, ಕಂತಿನ ಮುಕ್ಕಾಲು ಭಾಗ ಬಂತು. ಆದರೆ ಹೋರಿ ಹೋರಿಯಾಗಿಯೇ ಉಳಿಯಿತು.

ಹಿಂದಿರುಗುವಾಗ ಬಂಕಾಪುರಕ್ಕೆ ಹೋದೆವು. ಅಲ್ಲಿನ ಹಳೆಯ ಕೋಟೆಯೊಳಗೆ ಅರವತ್ತು ಕಂಬದ ಗುಡಿಯಿದೆ, ನವಿಲುಗಳಿವೆ, ಸರಕಾರದ ಖಿಲಾರಿ ತಳಿ ಸಂವರ್ಧನಾ ಕೇಂದ್ರವೂ ಇದೆ. ಶಾಲೆಯ ಪ್ರವಾಸಕ್ಕೆ ಒಳ್ಳೆಯ ಜಾಗ.

ಸರಕಾರವೂ ಇಂಥ ಲೆಕ್ಕದಲ್ಲಿ ಎಡವಿದ್ದುಂಟು. ಮೈಸೂರಿನ ಚಿಕ್ಕದೇವರಾಜ ಒಡೆಯರು ಅರಮನೆಯ ದನದ ಹಿಂಡುಗಳಿಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿದ್ದರು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯಲು ಅವುಗಳ ಎತ್ತಿಗೆ ಸಾಟಿಯಿರಲಿಲ್ಲ. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲೆಂದು ಹಿಂಡನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತು ಸಿಗದೆ, 1866ರಲ್ಲಿ ಮತ್ತೆ ಆಕಳು ಹೋರಿ ಕೂಡಿಸಿ ಹಿಂಡು ಕಟ್ಟಬೇಕಾಯಿತು. ಇಂದು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ, 1929ರಲ್ಲಿ ಶುರುವಾದ ಕೇಂದ್ರದಲ್ಲಿ ಆ ತಳಿಯಿದೆ. ಅಲ್ಲಿ ಹೋರಿಗರುಗಳನ್ನು ಹರಾಜು ಹಾಕುತ್ತಾರೆ. ತಳಿಗೆ ಬೇಕಾದದ್ದನ್ನು ಇಟ್ಟುಕೊಳ್ಳುತ್ತಾರೆ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಮಾರುವ ಕರು ಬಡ್ಡಿ. ಊರಲ್ಲಿ ಉಳಿಯುವ ಹೋರಿ, ಆಕಳು ಅಸಲು. ಅಸಲನ್ನೇ ಮುರಿದು ತಿಂದರೆ ಮರುವರ್ಷ ಬಡ್ಡಿಯೂ ಇಲ್ಲ.

ಮಣ್ಣೆತ್ತಿನ ಅಮಾವಾಸ್ಯೆಗೆ ನೀವು ಮಣ್ಣಿನ ಎತ್ತು ಮಾಡಿ ಪೂಜಿಸುತ್ತೀರಲ್ಲ, ಅಂದು ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲೋ ಬೀಗರ ಊರಲ್ಲೋ ಆಕಳಿದ್ದರೆ, ಅದರ ತಾಯಿ ಯಾವುದು, ತಂದೆ ಯಾವುದು ಎಂದು ಹಿರಿಯರನ್ನು ಕೇಳಿ ಒಂದು ಪುಟದಲ್ಲಿ ಬರೆದಿಡಿ. ಮುಂದಿನ ಕರುವಿಗೆ ಆ ಪುಟ ಬೇಕಾಗುತ್ತದೆ.