ರೆಸಲ್ಯೂಶನ್ ಬೇಕಾ, ಫ್ರೇಮ್ ಬೇಕಾ? (ಲ್ಯಾಪ್‌ಟಾಪ್ ಪುರಾಣ, ಭಾಗ 3)

1/6

ಡಿಎಂ ತೆಗೆದ್ರೆ ಸಾಕು, ಎರಡು ಸ್ಕ್ರೀನ್‌ಶಾಟ್, ಕೆಳಗೆ ಒಂದೇ ಪ್ರಶ್ನೆ: "ಅಕ್ಕಾ, ಇದಾ ಅದಾ?"

ಒಂದು ಲ್ಯಾಪ್‌ಟಾಪಲ್ಲಿ 2.5ಕೆ ಸ್ಕ್ರೀನ್, ಆದ್ರೆ ಗ್ರಾಫಿಕ್ಸ್ ಕಾರ್ಡ್ ಒಂದು ಮೆಟ್ಟಿಲು ಕೆಳಗೆ. ಇನ್ನೊಂದರಲ್ಲಿ ಕಾರ್ಡ್ ಗಟ್ಟಿ, ಸ್ಕ್ರೀನ್ ಮಾತ್ರ ಅದೇ ಹಳೇ ಫುಲ್ ಎಚ್‌ಡಿ. ಬೆಲೆ ಹೆಚ್ಚೂಕಮ್ಮಿ ಒಂದೇ. 2024ರ ಜೂನ್‌ನಲ್ಲಿ ನಾನೂ ಇಂಥದೇ ಎರಡು ಮಷೀನ್ ಮುಂದೆ ನಿಂತಿದ್ದೆ. ಕೈಯಲ್ಲಿದ್ದದ್ದು ಅಪ್ಪ ಚೀಟಿ ಎತ್ತಿದ ದುಡ್ಡು. ಎತ್ತಿದ್ದಾಯ್ತು, ಕಂತು ಮಾತ್ರ ಇನ್ನೂ 14 ತಿಂಗಳು ಕಟ್ಟೋದಿತ್ತು. ಡಿಗ್ರಿ ಮುಗಿಯೋವರೆಗೂ ಇನ್ನೊಂದು ಲ್ಯಾಪ್‌ಟಾಪ್ ಕೇಳೋ ಮಾತೇ ಇಲ್ಲ. ಹಾಗಾಗಿ ಅಂಗಡಿಗೆ ಹೋಗೋ ಮುಂಚೆ ಎರಡು ವಾರ ಕೂತು ಲೆಕ್ಕ ಹಾಕಿದ್ದೆ. ಆ ಲೆಕ್ಕಾನೇ ಇವತ್ತು ನಿಮಗೆ ಕೊಡ್ತಿರೋದು.

ನನ್ನ ಉತ್ತರ ಮೊದ್ಲೇ ಹೇಳ್ಬಿಡ್ತೀನಿ: ಬಜೆಟ್ ಒಂದು ಲಕ್ಷದ ಒಳಗಿದ್ದು, ಗೇಮ್ ಆಡೋದೇ ಮುಖ್ಯ ಆದ್ರೆ, ಕಾರ್ಡಿಗೆ ದುಡ್ಡು ಹಾಕಿ. ಯಾಕೆ ಅಂತ ಓದಿ, ಆಮೇಲೆ ಬೇಕಾದ್ರೆ ಬೈರಿ.

2/6

ಫುಲ್ ಎಚ್‌ಡಿ ಅಂದ್ರೆ 1920 × 1080. ಗುಣಿಸಿದ್ರೆ 20,73,600 ಪಿಕ್ಸೆಲ್, ಅಂದ್ರೆ ಅಷ್ಟು ಬಣ್ಣದ ಚುಕ್ಕಿ. 1440ಪಿ ಅಂದ್ರೆ 2560 × 1440, ಅಲ್ಲಿ 36,86,400. 4ಕೆ ಸ್ಕ್ರೀನಲ್ಲಿ 82,94,400. ಫುಲ್ ಎಚ್‌ಡಿ ಜೊತೆ ಹೋಲಿಸಿದ್ರೆ ಮೊದಲನೇದು ಸುಮಾರು 1.78 ಪಟ್ಟು, ಎರಡನೇದು ಸರಿಯಾಗಿ 4 ಪಟ್ಟು. ಈಗ ಬರ್ತಿರೋ ಎತ್ತರದ ಸ್ಕ್ರೀನ್‌ಗಳಲ್ಲೂ (1920 × 1200 ಮತ್ತೆ 2560 × 1600) ಅದೇ 1.78 ಪಟ್ಟು.

ಗೇಮ್ ಓಡುವಾಗ ಕಾರ್ಡ್ ಪ್ರತಿ ಫ್ರೇಮ್‌ನಲ್ಲೂ ಈ ಒಂದೊಂದು ಚುಕ್ಕಿಗೂ ಬಣ್ಣ ಲೆಕ್ಕ ಹಾಕ್ಬೇಕು. ಸೆಕೆಂಡಿಗೆ 60 ಫ್ರೇಮ್ ಬೇಕಾದ್ರೆ ಒಂದು ಫ್ರೇಮ್‌ಗೆ ಸಿಗೋ ಟೈಮು 16.7 ಮಿಲಿಸೆಕೆಂಡ್. 144 ಬೇಕಾದ್ರೆ ಬರೀ 6.9. ಅಷ್ಟರೊಳಗೆ 20 ಲಕ್ಷ ಚುಕ್ಕಿ ಮುಗಿಸೋದೇ ಬೇರೆ, 36 ಲಕ್ಷ ಮುಗಿಸೋದೇ ಬೇರೆ. ಪಿಕ್ಸೆಲ್ 1.78 ಪಟ್ಟು ಆದ ತಕ್ಷಣ ಫ್ರೇಮ್ ರೇಟ್ ಅಷ್ಟೇ ಪಟ್ಟು ಬೀಳಲ್ಲ, ಯಾಕಂದ್ರೆ ಪಿಕ್ಸೆಲ್‌ಗೆ ಸಂಬಂಧ ಇಲ್ಲದ ಕೆಲಸಗಳೂ ಇರ್ತವೆ. ಆದ್ರೆ ಭಾರದ ಗೇಮ್‌ಗಳಲ್ಲಿ ಬೀಳೋದು ಕಣ್ಣಿಗೆ ಕಾಣೋ ಅಷ್ಟಂತೂ ಬೀಳುತ್ತೆ.

ಅಂದ್ರೆ ದೊಡ್ಡ ರೆಸಲ್ಯೂಶನ್ನಿಗೆ ಎರಡು ಬೆಲೆ. ಒಂದನ್ನ ಅಂಗಡೀಲಿ ನೀವು ಕೊಡ್ತೀರ, ಒಂದೇ ಸಲ. ಇನ್ನೊಂದನ್ನ ನಿಮ್ಮ ಕಾರ್ಡ್ ಕಟ್ತಾ ಇರುತ್ತೆ, ಪ್ರತಿ ಫ್ರೇಮ್‌ಗೂ, ಆ ಮಷೀನ್ ಇರೋವರೆಗೂ. ಹೊಸ ಗೇಮ್‌ಗಳು ವರ್ಷಾವರ್ಷ ಭಾರ ಆಗ್ತಾ ಹೋಗ್ತವೆ, ಕಾರ್ಡ್ ಮಾತ್ರ ಅದೇ ಹಳೇದು. ಮೊದಲನೇ ವರ್ಷ ಕಂತು ಸಲೀಸಾಗಿ ಕಟ್ಟೋ ಕಾರ್ಡು ಮೂರನೇ ವರ್ಷ ಒದ್ದಾಡುತ್ತೆ.

3/6

ಇದನ್ನ ನಮ್ಮಪ್ಪಂಗೆ ವಿವರಿಸೋದು ಕಷ್ಟ ಆಗ್ಬಹುದು ಅಂದ್ಕೊಂಡಿದ್ದೆ. ಅರಸೀಕೆರೆ ಹತ್ರ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅಪ್ಪ ಎರಡೇ ನಿಮಿಷಕ್ಕೆ ಹಿಡಿದುಬಿಟ್ರು.

"ಕಲ್ಲು ಬಿಗಿ ಮಾಡಿದಂಗೆ ಅಲ್ವೇನೇ ಪುಟ್ಟಿ?" ಅಂದ್ರು.

ಗಿರಣಿ ನೋಡದೇ ಇರೋರಿಗೆ ಹೇಳ್ತೀನಿ. ಅಕ್ಕಿ ತರಿ ಬೇಕಾದ್ರೆ ಕಲ್ಲು ಸಡಿಲ ಬಿಡ್ತಾರೆ, ಸರಸರ ಅಂತ ಇಳಿಯುತ್ತೆ. ಮುದ್ದೆಗೆ ರಾಗಿ ಹಿಟ್ಟು ನುಣ್ಣಗೆ ಬೇಕಾದ್ರೆ ಎರಡು ಕಲ್ಲಿನ ಸಂದು ಕಮ್ಮಿ ಮಾಡಿ ಬಿಗಿ ಮಾಡ್ತಾರೆ. ಆಗ ಮೋಟಾರ್ ಮೇಲೆ ಲೋಡ್ ಬೀಳುತ್ತೆ, ಸದ್ದೇ ಬದಲಾಗುತ್ತೆ, ಕಾಳು ನಿಧಾನವಾಗಿ ಬಿಡ್ಬೇಕು. ಸಣ್ಣ ಮೋಟಾರಲ್ಲೂ ನುಣ್ಣಗೆ ಬೀಸ್ಬಹುದು, ಬೀಸಕ್ಕಾಗಲ್ಲ ಅಂತಲ್ಲ. ಹೊರಗಡೆ ಕ್ಯೂ ನಿಂತೋರು ಬೈತಾರೆ ಅಷ್ಟೇ.

ನುಣುಪು ಅಂದ್ರೆ ರೆಸಲ್ಯೂಶನ್, ಇಳಿಯೋ ವೇಗ ಅಂದ್ರೆ ಫ್ರೇಮ್ ರೇಟ್. ಇದಕ್ಕಿಂತ ಒಳ್ಳೆ ಹೋಲಿಕೆ ನನಗೆ ಯಾವ ರಿವ್ಯೂ ವಿಡಿಯೋದಲ್ಲೂ ಸಿಕ್ಕಿಲ್ಲ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗ ಅಪ್ಪನೂ ಜೊತೆಗೆ ಬಂದಿದ್ರು. ಅಂಗಡಿಯೋರು ಕೀಬೋರ್ಡ್ ಲೈಟು ಬಣ್ಣ ಬದಲಾಯಿಸೋದನ್ನೇ ಐದು ನಿಮಿಷ ತೋರಿಸಿದ್ರು. ಅಪ್ಪ ಎಲ್ಲಾ ಕೇಳ್ಕೊಂಡು, "ಸರಿ ಸ್ವಾಮಿ, ಮೋಟಾರ್ ಎಷ್ಟು ಎಚ್‌ಪಿದು?" ಅಂದ್ರು. ನಾನು ನಡುವೆ ಬಾಯಿ ಹಾಕಿ, ಗ್ರಾಫಿಕ್ಸ್ ಎಷ್ಟು ವಾಟ್ ಅಂತ ಕೇಳ್ತಿದ್ದಾರೆ ಸರ್ ಅಂದೆ. ಅವರಿಗೂ ಗೊತ್ತಿರಲಿಲ್ಲ, ಬಾಕ್ಸ್ ಮೇಲೂ ಬರೆದಿರಲಿಲ್ಲ, ಕಂಪನಿ ವೆಬ್‌ಸೈಟ್ ತೆಗೆದು ಹುಡುಕಬೇಕಾಯ್ತು.

ಈ ಪ್ರಶ್ನೆ ದಯವಿಟ್ಟು ನೆನಪಿಟ್ಕೊಳ್ಳಿ. ಲ್ಯಾಪ್‌ಟಾಪ್ ಆರ್‌ಟಿಎಕ್ಸ್ 4060ಗೆ ಎನ್‌ವಿಡಿಯಾ ಕೊಟ್ಟಿರೋ ಮಿತಿನೇ 35 ವಾಟ್‌ನಿಂದ 115 ವಾಟ್‌ವರೆಗೆ. ಎಷ್ಟು ಬಿಡ್ಬೇಕು ಅನ್ನೋದು ಲ್ಯಾಪ್‌ಟಾಪ್ ಮಾಡೋರ ಕೈಯಲ್ಲಿದೆ. ಹೆಸರು ಒಂದೇ, ಸ್ಟಿಕ್ಕರ್ ಒಂದೇ, ಒಳಗಿನ ದಮ್ಮು ಬೇರೆ. ತೆಳ್ಳಗಿನ ಬಾಡಿಯಲ್ಲಿ ಕಮ್ಮಿ ವಾಟ್‌ನ ಕಾರ್ಡ್ ಇಟ್ಟು, ಅದರ ಮುಂದೆ 2.5ಕೆ ಸ್ಕ್ರೀನ್ ಕೂರಿಸಿರೋ ಮಷೀನ್‌ಗಳು ಬೇಕಾದಷ್ಟಿವೆ. ನೋಡೋಕೆ ಅಂದ, ನಿಜ.

4/6

"ನಾನು ವ್ಯಾಲೊರಂಟ್ ಬಿಟ್ಟು ಬೇರೆ ಆಡಲ್ಲ" ಅನ್ನೋರಿಗೆ ಈ ಪೋಸ್ಟ್.

ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಥರದ ಗೇಮ್‌ಗಳನ್ನ ಲೋ ಸೆಟ್ಟಿಂಗ್‌ನಲ್ಲಿ ಆಡುವಾಗ ಬಹಳ ಸಲ ತಡೆಯೋದು ಪ್ರೊಸೆಸರ್, ಕಾರ್ಡ್ ಅಲ್ಲ. ಪ್ರೊಸೆಸರ್ ಕೆಲಸ ಅಂದ್ರೆ ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ಬಿತ್ತು ಅನ್ನೋ ಲೆಕ್ಕ. ಅದಕ್ಕೆ ಸ್ಕ್ರೀನ್ ಎಷ್ಟು ಪಿಕ್ಸೆಲ್ ಅಂತ ಸಂಬಂಧನೇ ಇಲ್ಲ. ಅಂಥವರಿಗೆ 2.5ಕೆ ಸ್ಕ್ರೀನ್ ಅಷ್ಟೊಂದು ಭಾರ ಅನ್ಸಲ್ಲ.

ನಿಮ್ಮ ಗೇಮ್ ಯಾವ ಜಾತಿದು ಅಂತ ತಿಳ್ಕೊಳ್ಳೋಕೆ ಸುಲಭದ ಪರೀಕ್ಷೆ ಇದೆ. ಸೀನಿಯರ್ ಲ್ಯಾಪ್‌ಟಾಪ್ ಹತ್ತು ನಿಮಿಷ ಇಸ್ಕೊಳ್ಳಿ (ಚಾರ್ಜರ್ ಹಾಕಿರ್ಬೇಕು, ಬ್ಯಾಟರಿ ಮೇಲೆ ಕಾರ್ಡ್ ತನ್ನ ಪವರ್ ತಾನೇ ಇಳಿಸ್ಕೊಳ್ಳುತ್ತೆ). ಫ್ರೇಮ್ ಕೌಂಟರ್ ಆನ್ ಮಾಡಿ, ಒಂದೇ ಜಾಗದಲ್ಲಿ ನಿಂತು 1080ಪಿಯಿಂದ 720ಪಿಗೆ ಇಳಿಸಿ. ಫ್ರೇಮ್ ಜಾಸ್ತಿ ಆದ್ರೆ ತಡೀತಿದ್ದದ್ದು ಕಾರ್ಡು. ಅಲ್ಲೇ ನಿಂತಿದ್ರೆ ಪ್ರೊಸೆಸರ್. ನಮ್ಮ ಹಾಸ್ಟೆಲಲ್ಲಿ ಮಾಡಿ ನೋಡಿದ್ವಿ. ವ್ಯಾಲೊರಂಟ್ ಹೆಚ್ಚೇನೂ ಅಲ್ಲಾಡಲಿಲ್ಲ, ಸೈಬರ್‌ಪಂಕ್ 2077 ಮಾತ್ರ ಉಸಿರು ಬಿಟ್ಟಂಗೆ ಓಡ್ತು.

ಇನ್ನೊಂದು, ವೀಡಿಯೊ ಮೆಮೊರಿ. 4050ರಲ್ಲಿ 6 ಜಿಬಿ, 4060ರಲ್ಲಿ 8. ರೆಸಲ್ಯೂಶನ್ ಏರಿದಷ್ಟೂ ಅದೂ ಜಾಸ್ತಿ ಬೇಕು. ತುಂಬಿ ಹೋದ್ರೆ ಫ್ರೇಮ್ ನಿಧಾನಕ್ಕೆ ಇಳಿಯಲ್ಲ, ಜಗ್ಗಿ ಜಗ್ಗಿ ನಿಲ್ಲುತ್ತೆ. ಹೊಸ 5060ರಲ್ಲೂ ಅದೇ 8 ಜಿಬಿ, ಹಾಗಾಗಿ 2.5ಕೆ ಜೊತೆ 6 ಜಿಬಿ ಕಾರ್ಡ್ ಅಂದ್ರೆ ನಾನಂತೂ ದೂರ.

5/6

ಈಗ ಇನ್ನೊಂದು ಕಡೆಯ ಮಾತು. ನನ್ನ ರೂಮ್‌ಮೇಟ್ 2.5ಕೆ ಮಷೀನೇ ತಗೊಂಡ್ಲು, ಅವಳು ತಗೊಂಡಿದ್ದು ಸರಿಯಾಗೇ ಇದೆ. ಅವಳದು ಆರ್ಕಿಟೆಕ್ಚರ್. ದಿನಕ್ಕೆ ಆರು ಗಂಟೆ ಪ್ಲಾನ್ ಡ್ರಾಯಿಂಗ್, ಒಂದು ಗಂಟೆ ಗೇಮ್, ಅದೂ ಪರೀಕ್ಷೆ ಇಲ್ಲದಾಗ.

15.6 ಇಂಚಿನ ಫುಲ್ ಎಚ್‌ಡಿ ಸ್ಕ್ರೀನಲ್ಲಿ ಒಂದು ಇಂಚಿಗೆ ಸುಮಾರು 141 ಪಿಕ್ಸೆಲ್, ಒಂದು ಚುಕ್ಕಿ 0.18 ಮಿ.ಮೀ. ಅದೇ ಅಳತೆಯ 1440ಪಿಯಲ್ಲಿ 188 ಪಿಕ್ಸೆಲ್, ಚುಕ್ಕಿ 0.135 ಮಿ.ಮೀ. ಒಳ್ಳೆ ದೃಷ್ಟಿ ಇರೋ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ವಿವರ ಗುರುತಿಸುತ್ತೆ ಅಂತ ಸಾಮಾನ್ಯ ಲೆಕ್ಕ. ಸ್ಕ್ರೀನ್ 55 ಸೆಂ.ಮೀ. ದೂರದಲ್ಲಿದ್ರೆ ಅದು 0.16 ಮಿ.ಮೀ. ಅಂದ್ರೆ ಫುಲ್ ಎಚ್‌ಡಿ ಆ ಗಡಿಯ ಈಚೆ, 1440ಪಿ ಆಚೆ. ವ್ಯತ್ಯಾಸ ಕಾಣುತ್ತೆ, ಸುಳ್ಳಲ್ಲ. ಗೇಮಿನ ಓಡಾಟದಲ್ಲಿ ಅಷ್ಟು ಗೊತ್ತಾಗಲ್ಲ, ನಿಂತ ಅಕ್ಷರದಲ್ಲಿ ಗೊತ್ತಾಗುತ್ತೆ. ಕನ್ನಡ ಪಿಡಿಎಫ್ ತೆಗೆದು "ರಾಷ್ಟ್ರ" ಅನ್ನೋ ಪದದ ಒತ್ತಕ್ಷರಗಳನ್ನ ಎರಡೂ ಸ್ಕ್ರೀನಲ್ಲಿ ನೋಡಿ. ಅವಳದರಲ್ಲಿ ಒತ್ತು ಬಿಡಿಬಿಡಿಯಾಗಿ ಕೂತಿರುತ್ತೆ, ನನ್ನದರಲ್ಲಿ ಫಾಂಟ್ ಸಣ್ಣದಾದ್ರೆ ಸ್ವಲ್ಪ ಕಲಸಿಕೊಂಡಂಗೆ. ಇದೇ ಲೆಕ್ಕದಲ್ಲಿ, 15 ಇಂಚಿಗೆ 4ಕೆ ಅನ್ನೋದು ಬರೀ ದೌಲತ್ತು. ಕಣ್ಣು ಅಷ್ಟು ದೂರದಿಂದ ನೋಡೋಕಾಗದ ಚುಕ್ಕಿಗೂ ಕಾರ್ಡ್ ಕಂತು ಕಟ್ತಿರುತ್ತೆ.

"2.5ಕೆ ತಗೊಂಡು ಗೇಮ್ ಮಾತ್ರ 1080ಪಿಯಲ್ಲಿ ಆಡ್ತೀನಿ" ಅಂತ ಬಹಳ ಜನ ಹೇಳ್ತಾರೆ. ಆಡ್ಬಹುದು. ಆದ್ರೆ ಸ್ಕ್ರೀನಿನ ಚುಕ್ಕಿಗಳು ಅಂಟಿಸಿಟ್ಟಂಗೆ, ಬೇಕಾದಷ್ಟಕ್ಕೆ ಕಮ್ಮಿ ಆಗಲ್ಲ. 1440ನ್ನ 1080ರಿಂದ ಭಾಗಿಸಿದ್ರೆ 1.33 ಬರುತ್ತೆ. ಒಂದು ಚುಕ್ಕಿಯನ್ನ ಒಂದೂಕಾಲು ಚಿಲ್ಲರೆ ಚುಕ್ಕಿ ಮೇಲೆ ಹರಡೋದು ಹೇಗೆ? ಹಂಗಾಗಿ ಚಿತ್ರ ಮಸುಕಾಗುತ್ತೆ.

ಇದಕ್ಕಿಂತ ಒಳ್ಳೆ ದಾರಿ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್. ಕಾರ್ಡ್ ಒಳಗೆ ಸಣ್ಣ ಚಿತ್ರ ಬಿಡಿಸಿ, ಜಾಣತನದಿಂದ ದೊಡ್ಡದು ಮಾಡುತ್ತೆ. 1440ಪಿಯಲ್ಲಿ ಡಿಎಲ್‌ಎಸ್‌ಎಸ್ ಕ್ವಾಲಿಟಿ ಇಟ್ರೆ ಒಳಗೆ ಬಿಡಿಸೋದು ಸುಮಾರು 1707 × 960 ಮಾತ್ರ, ಫುಲ್ ಎಚ್‌ಡಿಗಿಂತ ಕಮ್ಮಿ! 2.5ಕೆ ಪರ ಇರೋ ಅತಿ ಗಟ್ಟಿ ವಾದ ಇದೇ, ಒಪ್ಕೊಳ್ತೀನಿ. ಅದರಲ್ಲೂ 1080ಪಿ ಸ್ಕ್ರೀನಲ್ಲಿ ಅದೇ ಕ್ವಾಲಿಟಿ ಮೋಡ್ ಇಟ್ರೆ ಒಳಗೆ 720ಪಿ ಆಗುತ್ತೆ, ಅಷ್ಟು ಕಮ್ಮಿ ಮಾಹಿತಿಯಿಂದ ಚಿತ್ರ ಚೆನ್ನಾಗಿ ಬರಲ್ಲ. ಆದ್ರೂ ನನ್ನ ಮನಸ್ಸು ಬದಲಾಗಲಿಲ್ಲ. ದೊಡ್ಡದು ಮಾಡೋ ಕೆಲಸಕ್ಕೂ ಟೈಮು ಹಿಡಿಯುತ್ತೆ, ಎಲ್ಲಾ ಗೇಮಲ್ಲೂ ಆ ಸೌಕರ್ಯ ಇಲ್ಲ, ಹಳೇ ಗೇಮ್‌ಗಳಲ್ಲಂತೂ ಇಲ್ವೇ ಇಲ್ಲ.

6/6

ನನ್ನ ವಿಷಯಕ್ಕೆ ತೂಕ ಹಾಕಿದ್ದು ಬೇರೆ. ಲ್ಯಾಪ್‌ಟಾಪಲ್ಲಿ ರ‍್ಯಾಮ್ ಬಹಳ ಮಾಡೆಲ್‌ಗಳಲ್ಲಿ ಹಾಕ್ಸ್ಬಹುದು, ಎಸ್‌ಎಸ್‌ಡಿ ಬದಲಾಯಿಸ್ಬಹುದು. ಸ್ಕ್ರೀನ್ ಸಾಲಲಿಲ್ಲ ಅಂದ್ರೆ ಮುಂದೆ ಎಂದಾದ್ರೂ ಇಂಟರ್ನ್‌ಶಿಪ್ ದುಡ್ಡಲ್ಲಿ ಒಂದು ಮಾನಿಟರ್ ತಂದು ಎಚ್‌ಡಿಎಂಐ ಚುಚ್ಚಬಹುದು. ಗ್ರಾಫಿಕ್ಸ್ ಚಿಪ್ ಮಾತ್ರ ಬೋರ್ಡಿಗೇ ಬೆಸುಗೆ ಹಾಕಿರೋದು. ಮೊದಲ ದಿನ ಏನು ಸಿಕ್ತೋ ಅದೇ ಕೊನೇ ದಿನ.

ಆದ್ರೆ ನಾನು ಮೊದಲು ನೋಡಿದ್ದ 4060 ಮಷೀನ್ ತಗೊಳ್ಲಿಲ್ಲ. ಅದರ ಸ್ಪೆಕ್ ಶೀಟಲ್ಲಿ "45% ಎನ್‌ಟಿಎಸ್‌ಸಿ, 250 ನಿಟ್ಸ್" ಅಂತಿತ್ತು. ರೆಸಲ್ಯೂಶನ್ ಬಗ್ಗೆ ಇಷ್ಟು ಜಗಳ ಆಡ್ತೀವಿ, ಈ ಸಾಲನ್ನ ಯಾರೂ ಓದಲ್ಲ! ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರನೇ ಎರಡು ಭಾಗನೂ ಅಂಥ ಪ್ಯಾನೆಲ್ ಸರಿಯಾಗಿ ತೋರ್ಸಲ್ಲ. ಕೆಂಪು ಇಟ್ಟಿಗೆ ಬಣ್ಣ ಆಗುತ್ತೆ, ಕಿಟಕಿ ಪಕ್ಕ ಕೂತ್ರೆ ನಿಮ್ಮ ಮುಖನೇ ಕಾಣುತ್ತೆ. ಪಕ್ಕದ ಅಂಗಡೀಲಿ ಅದೇ ಕಾರ್ಡ್, 115 ವಾಟ್, 1920 × 1200, 100% ಎಸ್‌ಆರ್‌ಜಿಬಿ, 300 ನಿಟ್ಸ್ ಇದ್ದದ್ದು ಸಿಕ್ತು. 4,000 ಜಾಸ್ತಿ. ಅಪ್ಪ ಎರಡನ್ನೂ ಅಕ್ಕಪಕ್ಕ ಇಡ್ಸಿ ನೋಡಿದ್ರು, ಎಟಿಎಂ ಎಲ್ಲಿದೆ ಅಂತ ಕೇಳಿದ್ರು.

ಹಾಗಾಗಿ ಅಂಗಡೀಲಿ ಕೇಳ್ಬೇಕಾದ್ದು: ಕಾರ್ಡ್ ಎಷ್ಟು ವಾಟ್, ವೀಡಿಯೊ ಮೆಮೊರಿ ಎಷ್ಟು, ಪ್ಯಾನೆಲ್ ಎಷ್ಟು ಎಸ್‌ಆರ್‌ಜಿಬಿ, ಎಷ್ಟು ನಿಟ್ಸ್. ಇಷ್ಟಾದ್ಮೇಲೆ ರೆಸಲ್ಯೂಶನ್. ಉತ್ತರ "ಎಲ್ಲಾ ಟಾಪ್ ಮೇಡಂ" ಅಂತ ಬಂದ್ರೆ ಮಾಡೆಲ್ ನಂಬರ್ ಪೂರ್ತಿ ಬರ್ಕೊಂಡು, ಹೊರಗೆ ಟೀ ಕುಡೀತಾ ಫೋನಲ್ಲೇ ಹುಡುಕಿ. ಕೊನೇ ಎರಡು ಅಕ್ಷರ ಬೇರೆ ಆದ್ರೂ ಪ್ಯಾನೆಲ್ ಬೇರೆ ಇರ್ಬಹುದು, ಪೂರ್ತಿ ಬರ್ಕೊಳ್ಳಿ.

ಭಾಗ 4 ಬಿಸಿ ಬಗ್ಗೆ: ಏಪ್ರಿಲ್‌ನಲ್ಲಿ, ಫ್ಯಾನ್ ಇಲ್ಲದ ಹಾಸ್ಟೆಲ್ ರೂಮಲ್ಲಿ, ಆ 115 ವಾಟ್ ಎಷ್ಟು ಹೊತ್ತು 115 ಆಗೇ ಇರುತ್ತೆ ಅಂತ. ಸೇವ್ ಮಾಡಿಟ್ಕೊಳ್ಳಿ, ಲ್ಯಾಪ್‌ಟಾಪ್ ಹುಡುಕ್ತಿರೋ ಫ್ರೆಂಡಿಗೆ ಕಳ್ಸಿ.

#ಲ್ಯಾಪ್‌ಟಾಪ್_ಪುರಾಣ #ಕನ್ನಡದಲ್ಲಿ_ಟೆಕ್ #ಹಾಸ್ಟೆಲ್_ಗೇಮಿಂಗ್