ನಾಲ್ಕು ತಾಲ್ಲೂಕಿಗೆ ಒಂದೇ ಟ್ರೈಪಾಡ್

ಹಳ್ಳಿಯಲ್ಲಿ ವಿಡಿಯೋ ಮಾಡಲು ಹೊರಟ ಹುಡುಗ ಹುಡುಗಿಯರು ನಮ್ಮನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ಹಗುರವಾದ ಟ್ರೈಪಾಡ್ ಯಾವುದು ತಗೊಳ್ಳೋಣ?" ಒಂದು ಕಂಪನಿಯ ಹೆಸರು ಹೇಳಿ ಮುಗಿಸಬಹುದು. ಆದರೆ ನಮಗೆ ಹೊಂದಿದ್ದು ನಿಮಗೂ ಹೊಂದಬೇಕೆಂದಿಲ್ಲ. ಅದಕ್ಕೇ ನಾವು ಏನೇನು ನೋಡಿ ಆರಿಸಿದೆವು ಎನ್ನುವುದನ್ನೇ ಬರೆಯುತ್ತಿದ್ದೇವೆ.

ನಾವು ನಾಲ್ವರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ತಾಲ್ಲೂಕಿಗೊಬ್ಬರು. ತಲಾ 1,000 ರೂಪಾಯಿ ಹಾಕಿ ಒಂದೇ ಟ್ರೈಪಾಡ್ ಕೊಂಡೆವು. ಈ ವಾರ ಹೊಳಲ್ಕೆರೆಯಲ್ಲಿದ್ದರೆ ಮುಂದಿನ ವಾರ ಹಿರಿಯೂರಿನಲ್ಲಿ. ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅದು ಕೈಯಿಂದ ಕೈಗೆ ದಾಟುತ್ತದೆ. ಹೀಗಾಗಿ ನಮ್ಮ ಲೆಕ್ಕ ಸರಳವಾಗಿತ್ತು. ಬಸ್ಸಿನಲ್ಲಿ ತೊಡೆಯ ಮೇಲೆ ಕೂರಬೇಕು, ಬೈಕಿನಲ್ಲಿ ಬೆನ್ನಿಗೆ ಭಾರವಾಗಬಾರದು, ಧೂಳು ತಿಂದರೂ ಕೆಡಬಾರದು, ನಮ್ಮ ಗಾಳಿಗೆ ನಿಲ್ಲಬೇಕು.

ಫೋನೇ ಸಾಕಲ್ಲ?

ಈಗಿನ ಫೋನುಗಳಲ್ಲಿ ಅಲುಗಾಟ ತಗ್ಗಿಸುವ ವ್ಯವಸ್ಥೆ ಇದೆ, ನಿಜ. ಎರಡು ನಿಮಿಷದ ವಿಡಿಯೋಗೆ ಅದು ಸಾಕು. ಆದರೆ ಊರಿನ ಹಿರಿಯರು ಎರಡು ನಿಮಿಷಕ್ಕೆ ಮಾತು ಮುಗಿಸುವುದಿಲ್ಲ. ಹತ್ತು ನಿಮಿಷ ದಾಟಿದರೆ ನಮ್ಮ ಕೈ ಸೋಲುತ್ತದೆ, ಫೋನು ಮೆಲ್ಲಗೆ ಕೆಳಗಿಳಿಯುತ್ತದೆ.

ಕೈ ನೋವಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಹೊಸದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ, ಬರಗಾಲದಲ್ಲಿ ಜೋಡೆತ್ತು ಮಾರಿದ್ದನ್ನು ಹೇಳುತ್ತಿದ್ದರು. ನಮ್ಮ ಕಣ್ಣು ಪರದೆಯ ಮೇಲಿತ್ತು. ಅಜ್ಜಿ ಮಾತು ನಿಲ್ಲಿಸಿ ಕೇಳಿದರು: "ನಾನ್ ಮಾತಾಡ್ತಿರೋದು ನಿನ್ ಹತ್ರಾನೋ, ನಿನ್ ಫೋನ್ ಹತ್ರಾನೋ?"

ಟ್ರೈಪಾಡಿನ ಅಸಲಿ ಉಪಯೋಗ ಇದು. ಚಿತ್ರ ಅಲುಗಾಡದಿರುವುದು ಒಂದು ಲಾಭ. ಎರಡೂ ಕೈ, ಎರಡೂ ಕಣ್ಣು ನಮಗೆ ವಾಪಸ್ ಸಿಗುವುದು ಅದಕ್ಕಿಂತ ದೊಡ್ಡದು. ಎದುರಿಗೆ ಕೂತವರ ಮುಖ ನೋಡಿ ಹೂಂಗುಟ್ಟಬಹುದು, ಅವರು ಕೊಟ್ಟ ಚಹಾ ಲೋಟ ಹಿಡಿಯಬಹುದು.

ಮೂರೇ ಕಾಲು ಯಾಕೆ?

ಮೂರು ಕಲ್ಲಿನ ಒಲೆ ನೆನಪಿಸಿಕೊಳ್ಳಿ. ಹೊಲದಲ್ಲಿ ಎಂಥ ಏರುತಗ್ಗಿನ ನೆಲದಲ್ಲಿ ಹೂಡಿದರೂ ಪಾತ್ರೆ ಮೂರೂ ಕಲ್ಲಿನ ಮೇಲೆ ಕೂರುತ್ತದೆ. ನಾಲ್ಕು ಕಾಲಿನ ಬೆಂಚಿಗೆ ಮಾತ್ರ ಒಂದು ಕಾಲಿನ ಕೆಳಗೆ ಕಾಗದ ಮಡಚಿ ಇಡಬೇಕಾಗುತ್ತದೆ. ಟ್ರೈಪಾಡಿನದೂ ಒಲೆಯ ಲೆಕ್ಕವೇ. ಆದರೆ ಒಲೆಯ ಕಲ್ಲಿಗೆ ಭಾರ ಇರುತ್ತದೆ, ಹಗುರ ಟ್ರೈಪಾಡಿಗೆ ಇರುವುದಿಲ್ಲ. ಕೊಳ್ಳುವಾಗಿನ ತಲೆನೋವೆಲ್ಲ ಇಲ್ಲಿಂದಲೇ ಶುರು.

ಹಗುರ ಅಂದರೆ ಎಷ್ಟು?

ಮದುವೆ ವಿಡಿಯೋದವರ ದೊಡ್ಡ ಸ್ಟ್ಯಾಂಡು ಗಟ್ಟಿ, ಆದರೆ ಅದನ್ನು ಹೊರಲು ವಾಹನ ಬೇಕು. ಅರ್ಧ ಕೆಜಿಯ ಕಡ್ಡಿ ಕಾಲಿನ ಸ್ಟ್ಯಾಂಡು ಮನೆಯೊಳಗೆ ಚೆನ್ನ, ಜಗಲಿಗೆ ಬಂದರೆ ನಡುಗುತ್ತದೆ. ಪ್ರಯಾಣಕ್ಕೆಂದು ಮಾಡಿದ ಒಳ್ಳೆಯ ಟ್ರೈಪಾಡುಗಳು ಹೆಚ್ಚಾಗಿ 1ರಿಂದ 1.5 ಕೆಜಿ ತೂಗುತ್ತವೆ. ಮಡಚಿದಾಗ 40-45 ಸೆಂಟಿಮೀಟರ್. ಶಾಲೆ ಬ್ಯಾಗಿನಲ್ಲಿ ಹಿಡಿಸುವ ಉದ್ದ ಅದು.

ಕಾಲಿನಲ್ಲಿ ಎಷ್ಟು ತುಂಡುಗಳಿವೆ ಎಣಿಸಿ. ಐದು ತುಂಡಿದ್ದರೆ ಮಡಚಿದಾಗ ಪುಟ್ಟದಾಗುತ್ತದೆ, ಆದರೆ ಕೊನೆಯ ತುಂಡು ಪೆನ್ಸಿಲಿನಷ್ಟು ಸಣ್ಣಗಿರುತ್ತದೆ. ಬಿಚ್ಚಲು ಮಡಚಲು ಹೊತ್ತೂ ಹೆಚ್ಚು. ನಾವು ನಾಲ್ಕು ತುಂಡಿನದಕ್ಕೆ ಒಪ್ಪಿದೆವು.

ಕಾರ್ಬನ್ ಫೈಬರ್ ಕಾಲಿನವು ಇನ್ನೂ ಹಗುರ, ನಡುಕವನ್ನೂ ಬೇಗ ಹೀರುತ್ತವೆ. ಆದರೆ ಕೆಲವು ನೂರು ಗ್ರಾಂ ಉಳಿಸಲು ಕೊಡಬೇಕಾದ ಹೆಚ್ಚಿನ ದುಡ್ಡು ನಮ್ಮ ಜೇಬಿಗೆ ಭಾರ. ಫೋನು ಅಥವಾ ಸಣ್ಣ ಕ್ಯಾಮೆರಾ ಇಡುವವರಿಗೆ ಅಲ್ಯೂಮಿನಿಯಂ ಸಾಕು.

ಐದೂವರೆ ಅಡಿ ಯಾರಿಗೆ ಬೇಕು?

ಅಂಗಡಿಯವರು ಮೊದಲು ತೋರಿಸುವುದೇ ಎತ್ತರ. ನಮ್ಮ ಹಳೆಯ ವಿಡಿಯೋಗಳನ್ನು ತೆಗೆದು ನೋಡಿದೆವು. ಮಾತಾಡಿದವರಲ್ಲಿ ಹೆಚ್ಚಿನವರು ಕೂತಿದ್ದರು: ಜಗಲಿಯ ಮೇಲೆ, ಅರಳಿಕಟ್ಟೆಯ ಮೇಲೆ, ಅಡಿಕೆ ಸುಲಿಯುವ ಚಪ್ಪರದ ಕೆಳಗೆ ನೆಲದ ಮೇಲೆ. ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿರಬೇಕು. ಮೇಲಿನಿಂದ ತೆಗೆದರೆ ಮಾತಾಡುವವರು ಕುಗ್ಗಿದಂತೆ ಕಾಣುತ್ತಾರೆ. ಅರ್ಜಿ ಹಿಡಿದು ನಿಂತವರನ್ನು ಮೇಜಿನ ಹಿಂದಿನಿಂದ ನೋಡಿದ ಹಾಗೆ.

ಕೂತವರ ಕಣ್ಣಿನ ಮಟ್ಟಕ್ಕೆ ನಾಲ್ಕು ಅಡಿ ಧಾರಾಳ. ಆದ್ದರಿಂದ ನಡುವಿನ ಕಂಬ ಎತ್ತದೆ ನಾಲ್ಕು ಅಡಿ ಬರುತ್ತದೆಯೇ ಎಂದಷ್ಟೇ ನೋಡಿ. ಆ ಕಂಬ ಎತ್ತಿದಷ್ಟೂ ಮೂರು ಕಾಲಿನ ಮೇಲೆ ಒಂಟಿ ಕೋಲು ನಿಲ್ಲಿಸಿದ ಹಾಗೆ, ನಡುಕ ಹೆಚ್ಚು. ಕಾಲುಗಳನ್ನು ಅಗಲಿಸಿ ತೀರಾ ತಗ್ಗಿಗೆ ಇಳಿಸಲು ಬರುವುದಾದರೆ ಇನ್ನೂ ಒಳ್ಳೆಯದು.

ದುರ್ಗದ ಗಾಳಿ

ನಮ್ಮ ಗುಡ್ಡಗಳ ಮೇಲೆ ಸಾಲಾಗಿ ವಿಂಡ್‌ಮಿಲ್ ನಿಂತಿರುವುದು ಸುಮ್ಮನೆ ಅಲ್ಲ. ಜೋಗಿಮಟ್ಟಿಯ ಕಡೆ ಹೋಗಿ ನಿಂತರೆ ಮಾತೇ ಹಾರಿಹೋಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಒಂದೂವರೆ ಕೆಜಿಯ ಸ್ಟ್ಯಾಂಡು ಅಲ್ಲಿ ತಾನಾಗಿ ನಿಲ್ಲುವುದಿಲ್ಲ.

ಹಾಗೆಂದು ಐದು ಕೆಜಿಯದನ್ನು ಹೊರಬೇಕಿಲ್ಲ. ಭಾರವನ್ನು ಹೋದ ಕಡೆಯೇ ಸಾಲ ತೆಗೆದುಕೊಳ್ಳಬಹುದು. ನಡುವಿನ ಕಂಬದ ಕೆಳಗೆ ಕೊಕ್ಕೆ ಇರುವ ಟ್ರೈಪಾಡನ್ನೇ ಆರಿಸಿ. ಎರಡು ಲೀಟರ್ ನೀರಿನ ಬಾಟಲಿ ತೂಗುಹಾಕಿದರೆ ಎರಡು ಕೆಜಿ ಸೇರಿತು. ಇಲ್ಲದಿದ್ದರೆ ಕೈಚೀಲಕ್ಕೆ ನಾಲ್ಕು ಕಲ್ಲು ಹಾಕಿ. ಕಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಚೀಲ ಮಾತ್ರ ಗಾಳಿಗೆ ತೂಗಾಡಬಾರದು. ಅದರ ತಳ ನೆಲಕ್ಕೆ ಸ್ವಲ್ಪ ತಾಗುವಂತಿರಲಿ.

ಕಾಲು ಎಳೆಯುವಾಗ ಮೇಲಿನ ದಪ್ಪ ತುಂಡುಗಳನ್ನು ಮೊದಲು ಎಳೆಯಿರಿ, ಸಣ್ಣವು ಕೊನೆಗಿರಲಿ. ಇಳಿಜಾರಿನಲ್ಲಿ ಎರಡು ಕಾಲು ತಗ್ಗಿನ ಕಡೆಗೆ, ಒಂದು ಏರಿನ ಕಡೆಗೆ. ಫೋಟೋ ತೆಗೆಯುವಾಗ ಬೆರಳು ತಾಗಿದರೂ ಅಲುಗುತ್ತದೆ, ಟೈಮರ್ ಇಡಿ.

ಬೀಗ, ತಲೆ, ತಟ್ಟೆ

ಕಾಲುಗಳನ್ನು ಬಿಗಿ ಮಾಡಲು ಎರಡು ಬಗೆ. ಒಂದು ತಿರುಗಿಸುವುದು, ಇನ್ನೊಂದು ಪಟ್ ಎಂದು ಮಡಚುವ ಕ್ಲಿಪ್. ತಿರುಗಿಸುವ ಬೀಗಕ್ಕೆ ಜಾಗ ಕಡಿಮೆ ಸಾಕು, ಆದರೆ ಒಳಗೆ ಧೂಳು ಸೇರಿದರೆ ಕರಕರ ಎನ್ನುತ್ತದೆ, ಬಿಚ್ಚಿ ಒರೆಸಬೇಕು. ಕ್ಲಿಪ್ ಹಾಕಿದೆಯೋ ಇಲ್ಲವೋ ದೂರದಿಂದಲೇ ಕಾಣುತ್ತದೆ. ಕೈ ಬದಲಾಗುವ ನಮ್ಮಂಥವರಿಗೆ ಅದೇ ಸರಿ ಎನಿಸಿತು. ಧೂಳಾದರೆ ಒಣಬಟ್ಟೆ ಸಾಕು. ಎಣ್ಣೆ ಬಿಟ್ಟರೆ ಇನ್ನಷ್ಟು ಧೂಳು ಮೆತ್ತಿಕೊಳ್ಳುತ್ತದೆ.

ತಲೆಯಲ್ಲೂ ಎರಡು ಬಗೆ. ಗುಂಡಿನ ತಲೆ ಹಗುರ, ಯಾವ ಕಡೆಗೂ ವಾಲಿಸಿ ಬಿಗಿ ಮಾಡಬಹುದು, ಫೋಟೋಗೆ ಹಿತ. ತೇರು ಎಳೆಯುವುದನ್ನು ನಿಧಾನಕ್ಕೆ ಹಿಂಬಾಲಿಸಬೇಕಾದರೆ ಹಿಡಿ ಇರುವ ತಲೆ ಬೇಕು. ನಮ್ಮದು ಗುಂಡಿನದು. ಆದರೆ ಅದರ ಬುಡ ಬೇರೆಯಾಗಿ ಸುತ್ತ ತಿರುಗುತ್ತದೆ, ನಮಗೆ ಅಷ್ಟು ಸಾಕಾಗಿದೆ.

ಕ್ಯಾಮೆರಾದ ಕೆಳಗಿನ ತಿರುಪು ಕಾಲಿಂಚಿನದು, ಹೆಚ್ಚುಕಡಿಮೆ ಎಲ್ಲ ಕ್ಯಾಮೆರಾಗಳಿಗೂ ಒಂದೇ. ಫೋನಿಗೆ ಬೇರೆ ಹಿಡಿಕೆ ಬೇಕು. ಸ್ಪ್ರಿಂಗಿನ ಪ್ಲಾಸ್ಟಿಕ್ಕಿಗಿಂತ ತಿರುಪು ಬಿಗಿಯುವ ಲೋಹದ್ದು ನಂಬಿಕೆಗೆ ಯೋಗ್ಯ. ಕ್ಯಾಮೆರಾ ಕೂರಿಸುವ ಪುಟ್ಟ ತಟ್ಟೆ ಕಳೆದರೆ ಇಡೀ ಟ್ರೈಪಾಡ್ ಬರೀ ಕೋಲು. ಆರ್ಕಾ ಎನ್ನುವ ಮಾದರಿಯ ತಟ್ಟೆ ಹಲವು ಕಂಪನಿಗಳದ್ದು ಸಿಗುತ್ತದೆ, ಅದಿರುವ ತಲೆಯನ್ನೇ ಕೇಳಿ.

ಡಬ್ಬದ ಮೇಲೆ "8 ಕೆಜಿ ಹೊರುತ್ತದೆ" ಎಂದು ಬರೆದಿದ್ದರೆ ಮುರಿಯುವುದಿಲ್ಲ ಎಂದಷ್ಟೇ ಅರ್ಥ, ನಡುಗುವುದಿಲ್ಲ ಎಂದಲ್ಲ. ಅಂಗಡಿಯಲ್ಲೇ ಪೂರ್ತಿ ಬಿಚ್ಚಿ, ಫೋನು ಕೂರಿಸಿ, ಜೂಮ್ ಪೂರಾ ಎಳೆದು ಕಾಲಿಗೆ ಬೆರಳಿನಿಂದ ತಟ್ಟಿ ನೋಡಿ. ಎರಡು ಮೂರು ಸೆಕೆಂಡಿಗೆ ಚಿತ್ರ ನಿಂತರೆ ಒಳ್ಳೆಯದು, ತೂಗಾಡುತ್ತಲೇ ಇದ್ದರೆ ವಾಪಸ್ ಕೊಡಿ.

ಎಲ್ಲಿ ಬಿಚ್ಚಬಾರದು

ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಣೆಯಲ್ಲಿದೆ. ಅಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು. ದೂರದಿಂದ ಬರುವವರು ಇದನ್ನು ತಿಳಿದೇ ಹೊರಡಿ.

ಜನಜಂಗುಳಿಯಲ್ಲೂ ಬೇಡ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷದ ನಂತರ, 2022ರಲ್ಲಿ. ಅಂಥ ಕಡೆ ಮಕ್ಕಳು ಮುದುಕರೆಲ್ಲ ನೀರು ನೋಡಲು ಮುನ್ನುಗ್ಗುವಾಗ, ನೆಲದಲ್ಲಿ ಚಾಚಿದ ಮೂರು ಕಾಲು ಯಾರನ್ನಾದರೂ ಬೀಳಿಸುತ್ತದೆ. ಕಾಲು ಬಿಚ್ಚದೆ ಒಂದೇ ಕೋಲಿನಂತೆ ಊರಿ ಹಿಡಿದರೆ ಅರ್ಧ ಕೆಲಸ ಆದಂತೆ. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕ ನೋಡುವಾಗಲೂ ಹೀಗೆಯೇ. ಮೆಟ್ಟಿಲುಗಳ ಕೊನೆಯ ಸಾಲಿಗೆ ಹೋಗಿ, ಅಲ್ಲಿ ಒಂದೊಂದು ಕಾಲನ್ನು ಒಂದೊಂದು ಉದ್ದಕ್ಕೆ ಎಳೆದು ನಿಲ್ಲಿಸಿ. ಹಿಂದೆ ಯಾರೂ ಇಲ್ಲದಿದ್ದರೆ ಯಾರ ಕಣ್ಣಿಗೂ ಅಡ್ಡವಿಲ್ಲ.

"ಸರ್ವೆಗೆ ಬಂದ್ರೇನಪ್ಪಾ?"

ಕೊನೆಯದು ಯಾವ ಡಬ್ಬದ ಮೇಲೂ ಬರೆದಿರುವುದಿಲ್ಲ. ನಮ್ಮ ಭಾಗದ ಹಳ್ಳಿಗಳಲ್ಲಿ ಮೂರು ಕಾಲಿನ ಸ್ಟ್ಯಾಂಡು ಎಂದರೆ ಸರ್ವೆ. ಭದ್ರಾ ಮೇಲ್ದಂಡೆ ಕಾಲುವೆಗೆ ಅಳೆದದ್ದನ್ನು ಜನ ನೋಡಿದ್ದಾರೆ, ವಿಂಡ್‌ಮಿಲ್‌ಗೆ ಅಳೆದದ್ದನ್ನೂ ನೋಡಿದ್ದಾರೆ. ಹೊಲದ ಬದುವಿನಲ್ಲಿ ನಾವು ಕಾಲು ಬಿಚ್ಚುತ್ತಿದ್ದಂತೆ ಒಬ್ಬ ಯಜಮಾನರು ಎಮ್ಮೆ ಬಿಟ್ಟು ಓಡಿಬಂದು ಕೇಳಿದರು: "ಯಾವ್ ಸರ್ವೆಗೆ ಬಂದ್ರೇನಪ್ಪಾ? ನಮ್ ಹೊಲಾನೂ ಹೋಗ್ತದಾ?" ಅವರ ಉಸಿರು ಸಮಕ್ಕೆ ಬರಲು ಹೊತ್ತು ಹಿಡಿಯಿತು.

ಅಂದಿನಿಂದ ನಾಲ್ವರೂ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಚೀಲದ ಜಿಪ್ ಎಳೆಯುವ ಮೊದಲು ನಮ್ಮ ಹೆಸರು, ಊರು, ಬಂದ ಕೆಲಸ ಹೇಳುತ್ತೇವೆ. ಇದು ಅಳೆಯುವ ಯಂತ್ರ ಅಲ್ಲ ಎಂದು ಹೇಳಿ, ಅವರ ಕೈಗೇ ಕೊಟ್ಟು ತೋರಿಸುತ್ತೇವೆ. ಬೇಡ ಎಂದರೆ ಬಿಚ್ಚುವುದಿಲ್ಲ. ಕೈಯಲ್ಲಿನ ಫೋನು ಯಾವಾಗ ರೆಕಾರ್ಡ್ ಮಾಡುತ್ತಿದೆ ಎಂದು ಎದುರಿನವರಿಗೆ ತಿಳಿಯದೇ ಇರಬಹುದು. ಟ್ರೈಪಾಡ್ ನಿಂತರೆ ಎಲ್ಲರಿಗೂ ತಿಳಿಯುತ್ತದೆ. ಅದು ಒಳ್ಳೆಯದೇ.

ಕೊಳ್ಳುವವರಿಗೆ ನಮ್ಮ ಮಾತು ಇಷ್ಟೇ. ತೂಕದ ಅಂಕಿ ನೋಡುವ ಮೊದಲು ನೀವು ಓಡಾಡುವ ದಾರಿ, ಬೀಸುವ ಗಾಳಿ, ಎದುರಿಗೆ ಕೂರುವವರ ಕಣ್ಣಿನ ಎತ್ತರ ನೋಡಿಕೊಳ್ಳಿ. ಒಬ್ಬರಿಗೇ ಕೊಳ್ಳಲಾಗದಿದ್ದರೆ ನಾಲ್ವರು ಸೇರಿ. ನಮ್ಮದು ಈಗ ಹಿರಿಯೂರಿನಲ್ಲಿದೆ, ಸೋಮವಾರದ ಬಸ್ಸಿಗೆ ಹೊಸದುರ್ಗಕ್ಕೆ ಹೊರಡುತ್ತದೆ. ಒರೆಸಿ ಕೊಡಬೇಕು, ತಟ್ಟೆ ಇದೆಯೇ ನೋಡಿ ತಗೊಳ್ಳಬೇಕು.