ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ಗಾದೆಯನ್ನು ನಾನು ಉಪನ್ಯಾಸಗಳಲ್ಲಿ ಅನೇಕ ಸಲ ಬಳಸಿದ್ದೇನೆ. ಸಣ್ಣ ತಪ್ಪಿಗೆ ದೊಡ್ಡ ದಂಡನೆ ವಿಧಿಸುವವರನ್ನು ಕುರಿತು ಹೇಳುವಾಗ ಅದು ಬಹಳ ಒಪ್ಪುತ್ತದೆ. ಅರವತ್ತು ದಾಟಿದ ಮೇಲೆ ಆ ಕೊಡಲಿ ನನ್ನ ಕೈಯಲ್ಲಿಯೇ ಇದ್ದುದನ್ನು ಕಂಡೆ. ಹೆಣ್ಣುಮಕ್ಕಳಿರುವ ಮನೆಗಳಿಗೆ ಉಪಯೋಗವಾದೀತೆಂದು ಸಂಕೋಚವನ್ನು ಬದಿಗಿಟ್ಟು ಆ ಪ್ರಸಂಗವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ನಾವಿರುವುದು ನಂಜನಗೂಡಿನಲ್ಲಿ. ಮಗಳನ್ನು ಕೊಟ್ಟಿರುವುದು ತಿರುಮಕೂಡಲು ನರಸೀಪುರಕ್ಕೆ. ನಮ್ಮ ಊರಿನ ಮೆಟ್ಟಿಲುಗಳನ್ನು ಮುಟ್ಟಿ ಹರಿಯುವ ಕಪಿಲೆಯೇ ಅಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆದಕಾರಣ ಮಗಳು ದೂರ ಹೋದಳೆಂದು ನಮಗೆ ಎಂದೂ ಅನಿಸಿದ್ದಿಲ್ಲ. ಆಕೆಯ ಮಗಳಿಗೆ ಈಗ ಹನ್ನೆರಡು ವರ್ಷ. ಪ್ರತಿ ಬೇಸಿಗೆಯಂತೆ ಆ ಬೇಸಿಗೆಯಲ್ಲಿಯೂ ರಜೆ ಕಳೆಯಲು ನಮ್ಮಲ್ಲಿಗೆ ಬಂದಳು. ಹುಟ್ಟಿದಾಗಲೇ ಲಿಂಗಧಾರಣೆಯಾಗಿದ್ದ ಆ ಮಗುವಿಗೆ ಬರಲಿದ್ದ ಶ್ರಾವಣದಲ್ಲಿ ದೀಕ್ಷೆ ಕೊಡಿಸಬೇಕೆಂದು ನಿಶ್ಚಯವಾಗಿತ್ತು. ರಜೆಯಲ್ಲಿ ಪೂಜಾವಿಧಾನವನ್ನು ಕಲಿಸುವ ಹೊಣೆ ನನ್ನದಾಗಿತ್ತು.

ಮೊದಲ ದಿನ ಸಂಜೆ ಆಕೆಯನ್ನು ಎದುರಿಗೆ ಕೂರಿಸಿಕೊಂಡು, ಎಡಗೈಯನ್ನು ಎದೆಯ ಮಟ್ಟಕ್ಕೆ ಹೇಗೆ ಹಿಡಿಯಬೇಕೆಂದು ತೋರಿಸಿದೆ. ಆಕೆ ಹಿಂಜರಿಯುತ್ತ ಕೈ ಚಾಚಿದಳು. ಐದೂ ಬೆರಳಿಗೆ ಗಾಢ ಕೆಂಪು ಬಣ್ಣ! ಅದೂ ಉಗುರಿನ ಅಂಚು ಮೀರಿ ಚರ್ಮದ ಮೇಲೆಲ್ಲ ಹರಡಿತ್ತು. ನನಗೆ ಕೋಪ ಬಂದಿತು. “ಇದೇನಮ್ಮ ಇದು? ಈ ಕೈಯನ್ನೇ ಶ್ರಾವಣದಲ್ಲಿ ಗುರುಗಳ ಮುಂದೆ ಒಡ್ಡುತ್ತೀಯಾ? ಈ ಅಂಗೈಯಲ್ಲಿಯೇ ಲಿಂಗಯ್ಯನನ್ನು ಕೂರಿಸುತ್ತೀಯಾ?” ಎಂದುಬಿಟ್ಟೆ. ಮಗು ಮಾತನಾಡಲಿಲ್ಲ. ಕೈಯನ್ನು ಲಂಗದ ಮಡಿಕೆಯಲ್ಲಿ ಅಡಗಿಸಿಕೊಂಡು ಎದ್ದು ಹೋಯಿತು. ಆ ರಾತ್ರಿ ಪ್ರಸಾದಕ್ಕೆ ಕುಳಿತಾಗ ಚಮಚ ಬೇಕೆಂದು ಕೇಳಿತು. ಅದನ್ನೂ ನಾನು ಹಟವೆಂದೇ ಭಾವಿಸಿದೆ.

ಮರುದಿನ ಬೆಳಗ್ಗೆ ನನ್ನ ಧರ್ಮಪತ್ನಿ ಹಿತ್ತಿಲ ಕಟ್ಟೆಯಿಂದ, “ರೀ, ಸ್ವಲ್ಪ ಇಲ್ಲಿ ಬನ್ನಿ” ಎಂದು ಕರೆದರು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಣ್ಣವನ್ನು ತೆಗೆದಿದ್ದರು. ಅದರ ಅಡಿಯಲ್ಲಿ ಕಂಡುದನ್ನು ನೆನೆದರೆ ಇಂದಿಗೂ ಮನಸ್ಸು ಕುಗ್ಗುತ್ತದೆ. ಉಗುರು ಬೆರಳಿನ ತುದಿಯವರೆಗೆ ಬಂದಿರಲೇ ಇಲ್ಲ. ಕಚ್ಚಿ ಕಚ್ಚಿ ಅರ್ಧಕ್ಕೆ ಬಂದಿದ್ದ ಮೊಟಕು ಉಗುರುಗಳು. ಅವುಗಳ ಸುತ್ತ ಕಿತ್ತುಹೋದ ಚರ್ಮ. ಬಲಗೈಯ ಒಂದು ಬೆರಳು ಉಗುರುಸುತ್ತಿನಿಂದ ಬಾತು ಕೆಂಪಾಗಿತ್ತು. ಉಗುರು ಉದ್ದವಾಗಿ ಕಾಣಲೆಂದೇ ಮಗು ಚರ್ಮದ ಮೇಲೆಯೂ ಬಣ್ಣ ಬಳಿದುಕೊಂಡಿತ್ತು. ನಾನು ಶೋಕಿಯೆಂದು ತಿಳಿದುದು ಮಗುವಿನ ನಾಚಿಕೆಯಾಗಿತ್ತು.

ಅಜ್ಜಿ ಬೆನ್ನು ಸವರಿ ಕೇಳಿದ ಮೇಲೆ ಸಂಗತಿ ಹೊರಬಂದಿತು. ಆ ವರ್ಷ ಆಕೆಯನ್ನು ಹೊಸ ಶಾಲೆಗೆ ಸೇರಿಸಿದ್ದರು. ಪಾಠಗಳು ಕಠಿಣವಾದವು, ಹಳೆಯ ಗೆಳತಿಯರು ದೂರವಾದರು. ಹೆದರಿಕೆಯಾದಾಗಲೆಲ್ಲ ಬೆರಳು ತಾನಾಗಿ ಬಾಯಿಗೆ ಹೋಗುತ್ತಿತ್ತು. ಒಂದು ದಿನ ಉಗುರಿನ ತಪಾಸಣೆಯ ಸಮಯದಲ್ಲಿ ಶಿಕ್ಷಕರೊಬ್ಬರು ಆಕೆಯ ಕೈಯನ್ನು ತರಗತಿಗೆಲ್ಲ ಕಾಣುವಂತೆ ಎತ್ತಿ ಹಿಡಿದು, ಇಲಿ ಕಡಿದಂತಿದೆ ಎಂದರಂತೆ. ಮಕ್ಕಳೆಲ್ಲ ನಕ್ಕರಂತೆ. ಅಂದಿನಿಂದ ಕಚ್ಚುವುದು ಇನ್ನೂ ಹೆಚ್ಚಾಯಿತು. ತರಗತಿಯಲ್ಲಿ ಆದುದನ್ನೇ ನಾನು ಪೂಜೆಯ ಮಣೆಯ ಮುಂದೆ, ಧರ್ಮದ ಹೆಸರಿನಲ್ಲಿ ಮಾಡಿದ್ದೆ.

ಇಲ್ಲಿ ಇನ್ನೊಂದು ಮಾತನ್ನು ಮುಚ್ಚಿಡಲಾರೆ. ಬಾಲ್ಯದಲ್ಲಿ ನಾನೂ ಉಗುರು ಕಚ್ಚುತ್ತಿದ್ದವನೇ. ತಂದೆಯವರು ಲಿಂಗೈಕ್ಯರಾದ ವರ್ಷ ನನ್ನನ್ನು ಮಠದ ಪ್ರಸಾದ ನಿಲಯಕ್ಕೆ ತಂದು ಬಿಟ್ಟರು. ಅಲ್ಲಿದ್ದ ಹಿರಿಯರೊಬ್ಬರು ಭಾನುವಾರ ಸ್ನಾನವಾದ ಮೇಲೆ ಹುಡುಗರನ್ನು ಸಾಲಾಗಿ ಕೂರಿಸಿ ಉಗುರು ತೆಗೆಯುತ್ತಿದ್ದರು. ನನ್ನ ಸರದಿ ಬಂದಾಗ ತೆಗೆಯುವುದಕ್ಕೆ ಉಗುರೇ ಇರುತ್ತಿರಲಿಲ್ಲ. ಅವರು ಗದರಲಿಲ್ಲ, ಇತರ ಹುಡುಗರಿಗೆ ತೋರಿಸಲೂ ಇಲ್ಲ. ನನ್ನ ಕೈಯನ್ನು ತಮ್ಮ ಕೈಯಲ್ಲಿ ಸ್ವಲ್ಪ ಹೊತ್ತು ಹೆಚ್ಚಾಗಿಯೇ ಹಿಡಿದುಕೊಂಡು, ಬೆರಳುಗಳಿಗೆ ಎಣ್ಣೆ ಸವರಿ ಕಳಿಸುತ್ತಿದ್ದರು. ಕೆಲವು ತಿಂಗಳಲ್ಲಿ ಆ ಚಾಳಿ ಬಿಟ್ಟುಹೋಯಿತು. ಅಂಥವರ ಕೈಯಲ್ಲಿ ಬೆಳೆದ ನಾನು ಮೊಮ್ಮಗಳ ಕೈ ಹಿಡಿದು ನೋಡಲಿಲ್ಲ. ಕರಸ್ಥಲವನ್ನು ಕುರಿತು ಗಂಟೆಗಟ್ಟಲೆ ವ್ಯಾಖ್ಯಾನ ಮಾಡಿದವನಿಗೆ ಎದುರಿಗಿದ್ದ ಕೈ ಕಾಣಲಿಲ್ಲ.

ಬೆರಳಿನ ಬಾವಿಗೆ ನಿಂಬೆಹಣ್ಣು ಸಿಕ್ಕಿಸೋಣವೆಂದು ನಾನೆಂದೆ. ಮನೆಯವರು ಒಪ್ಪದೆ ವೈದ್ಯರಲ್ಲಿಗೆ ಕರೆದೊಯ್ದರು. ಕೀವು ತುಂಬಿದ ಉಗುರುಸುತ್ತನ್ನು ಮನೆಯಲ್ಲಿ ಒತ್ತುವುದಾಗಲಿ ಚುಚ್ಚುವುದಾಗಲಿ ಅಪಾಯಕರವೆಂದು ವೈದ್ಯರು ತಿಳಿಸಿ ಔಷಧ ಕೊಟ್ಟರು. ಬಳಿಕ ಉಳಿದ ಬೆರಳುಗಳನ್ನು ಬೆಳಕಿಗೆ ಹಿಡಿದು, ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ರಕ್ತ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಹಿಮೋಗ್ಲೋಬಿನ್ ಇರಬೇಕಾದುದಕ್ಕಿಂತ ಕಡಿಮೆಯಿತ್ತು. ಆರೋಗ್ಯವಂತರ ಉಗುರಿನ ಅಡಿಯಲ್ಲಿ ಕಾಣುವ ನಸುಗೆಂಪು ನಮ್ಮ ಮಗುವಿನಲ್ಲಿ ಬಿಳಿಚಿಕೊಂಡಿತ್ತು. ಕಬ್ಬಿಣಾಂಶದ ಕೊರತೆ ಬಹುಕಾಲ ಮುಂದುವರಿದರೆ ಉಗುರು ತೆಳುವಾಗಿ, ನಡುವೆ ತಗ್ಗಾಗಿ ಚಮಚದ ಆಕಾರ ತಾಳುವುದೂ ಉಂಟಂತೆ. ಕೆಂಪು ಬಣ್ಣದ ಅಡಿಯಲ್ಲಿ ಇದೆಲ್ಲವೂ ಮರೆಯಾಗಿತ್ತು.

ಇದು ನಮ್ಮ ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರ ಪೈಕಿ 100ರಲ್ಲಿ 59 ಮಂದಿಗೆ ರಕ್ತಹೀನತೆಯಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ಕಾರ್ಯಕ್ರಮವೇ ಇದೆ. ಮಾತ್ರೆಯ ಜೊತೆಗೆ ರಾಗಿ, ಹುರುಳಿ, ನುಗ್ಗೆಸೊಪ್ಪು ನಮ್ಮ ಸೀಮೆಯವೇ ತಾನೆ? ಸೊಪ್ಪಿನ ಪಲ್ಯಕ್ಕೆ ನಿಂಬೆಯ ರಸ ಹಿಂಡಿದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಹಿಂದೆಯೇ ಕಾಫಿ, ಟೀ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ನಿಂಬೆಹಣ್ಣನ್ನು ಬೆರಳಿಗಿಂತ ಪಲ್ಯಕ್ಕೆ ಬಳಸುವುದು ಲೇಸೆಂದು ನಮ್ಮ ಮನೆಯವರು ನನ್ನನ್ನು ಹಾಸ್ಯ ಮಾಡಿದರು.

ಅಂದಿನಿಂದ ಅಜ್ಜಿಯ ಪಾಠ ಆರಂಭವಾಯಿತು. ನಾನೂ ಪಕ್ಕದಲ್ಲಿ ಕುಳಿತು ಕೇಳಿದೆ. ನಂಜನಗೂಡಿನಲ್ಲಿ 1913ರಲ್ಲಿ ಸದ್ವೈದ್ಯಶಾಲೆ ಸ್ಥಾಪನೆಯಾಗಿ, ನಮ್ಮ ಊರಿನ ಹೆಸರಿನ ಹಲ್ಲುಪುಡಿ ನಾಡಿನ ಮನೆಮನೆಗೆ ಹೋಯಿತು. ಹಲ್ಲುಜ್ಜುವುದನ್ನು ಮಕ್ಕಳಿಗೆ ಶ್ರದ್ಧೆಯಿಂದ ಕಲಿಸಿದ ನಾವು ಉಗುರಿನ ವಿಷಯದಲ್ಲಿ ‘ತೆಗೆದುಕೋ’ ಎಂದು ಗದರುವುದನ್ನು ಬಿಟ್ಟರೆ ಬೇರೇನನ್ನೂ ಕಲಿಸಲಿಲ್ಲ.

ಉಗುರು ಕೂದಲಿನಂತೆಯೇ ಕೆರಾಟಿನ್ ಎಂಬ ಗಟ್ಟಿ ಪದಾರ್ಥದಿಂದ ಆದುದು. ನಮಗೆ ಕಾಣುವ ಭಾಗಕ್ಕೆ ಜೀವವಿಲ್ಲ. ಜೀವವಿರುವುದು ಬುಡದ ಚರ್ಮದ ಅಡಿಯಲ್ಲಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಪೂರ್ತಿ ಹೊಸದಾಗಲು ಆರು ತಿಂಗಳಷ್ಟು ಬೇಕು. ಕಾಲಿನ ಹೆಬ್ಬೆರಳ ಉಗುರಿಗೆ ವರ್ಷವೂ ಸಾಲದು. ಸ್ನಾನವಾದ ಮೇಲೆ ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಬೆರಳನ್ನು ನೆನೆಸಿದ ಮೇಲೆ ಉಗುರು ಮೆತ್ತಗಿರುವಾಗ ತೆಗೆಯಬೇಕು. ಕೈಯ ಉಗುರನ್ನು ಬೆರಳ ತುದಿಯ ಆಕಾರಕ್ಕೆ ತೆಗೆದರೆ ಸಾಕು. ಕಾಲಿನ ಉಗುರನ್ನು ನೇರವಾಗಿ ತೆಗೆಯಬೇಕು, ಮೂಲೆಗಳನ್ನು ಆಳವಾಗಿ ಕತ್ತರಿಸಿದರೆ ಉಗುರು ಮಾಂಸದೊಳಗೆ ಬೆಳೆಯುತ್ತದೆ. ಬುಡದ ತೆಳುಚರ್ಮ ರೋಗಾಣುಗಳು ಒಳನುಗ್ಗದಂತೆ ತಡೆಯುವ ಬಾಗಿಲು, ಅದನ್ನು ಕೀಳಬಾರದು. ಪಾತ್ರೆ ತೊಳೆದ ಮೇಲೆ ಕೈಯನ್ನು ಒರೆಸಿ, ರಾತ್ರಿ ಎರಡು ಹನಿ ಕೊಬ್ಬರಿ ಎಣ್ಣೆ ಸವರಬೇಕು. ಡಬ್ಬಿಯ ಮುಚ್ಚಳ ತೆಗೆಯಲು ಚಮಚದ ಹಿಡಿಯಿದೆ, ಉಗುರೇಕೆ? ಉಗುರಿನ ಸಂದಿನ ಕೊಳೆಯಲ್ಲಿ ಜಂತುಹುಳುವಿನ ಮೊಟ್ಟೆಗಳಿರಬಹುದು. ಕಚ್ಚುವ ಮಕ್ಕಳಿಗೆ ಅವು ನೇರವಾಗಿ ಹೊಟ್ಟೆ ಸೇರುತ್ತವೆ.

ಶುಕ್ರವಾರ ಉಗುರು ತೆಗೆಯಬಾರದು, ದೀಪ ಹಚ್ಚಿದ ಮೇಲೆ ತೆಗೆಯಬಾರದು ಎಂಬ ಮಾತುಗಳು ನಮ್ಮ ಮನೆಗಳಲ್ಲಿಯೂ ಇವೆ. ಎಣ್ಣೆದೀಪದ ಮಂದ ಬೆಳಕಿನಲ್ಲಿ ಬೆರಳು ಕೊಯ್ದೀತೆಂದು ಎರಡನೆಯದು ಹುಟ್ಟಿರಬಹುದು. ಮೊದಲನೆಯದಕ್ಕೆ ನನಗೆ ಕಾರಣ ತೋರಲಿಲ್ಲ. ಪಂಚಸೂತಕಗಳನ್ನೇ ಕಳೆದ, ದಿನ ತಿಥಿಗಳ ಭಯವನ್ನು ಬಿಡಿಸಿದ ಶರಣರ ಮಕ್ಕಳು ನಾವು. ಉಗುರು ಮೈಲಿಗೆಯೆಂದು ತೆಗೆಯುವುದಲ್ಲ; ಪ್ರಸಾದ ಮುಟ್ಟುವ ಕೈ ಸ್ವಚ್ಛವಾಗಿರಲೆಂದು ತೆಗೆಯುವುದು. ಗದ್ದೆಯ ಮೇಲೆ ಬೆಳ್ಳಕ್ಕಿ ಹಾರುವಾಗ ಉಗುರು ತಿಕ್ಕಿಕೊಂಡು ಬಿಳಿಚುಕ್ಕೆ ಬೇಡುವ ಆಟವನ್ನು ಮಾತ್ರ ಬಿಡಿಸಬೇಕಿಲ್ಲ. ಆ ಚುಕ್ಕೆ ಸಾಮಾನ್ಯವಾಗಿ ಸಣ್ಣ ಪೆಟ್ಟಿನ ಗುರುತು. ಉಗುರಿನೊಡನೆ ಬೆಳೆದು ಹೋಗುತ್ತದೆ.

ಹಾಗಾದರೆ ಬಣ್ಣವೇ ಪಾಪವೇ? ಅಲ್ಲ. ನಮ್ಮ ತಾಯಂದಿರು ಗೋರಂಟಿ ಸೊಪ್ಪನ್ನು ಅರೆದು ಬೆರಳಿಗೆ ಮೆತ್ತಿಕೊಳ್ಳುತ್ತಿರಲಿಲ್ಲವೇ? ಅಂಗಡಿಯ ಬಣ್ಣವನ್ನು ಹಬ್ಬಕ್ಕೊಮ್ಮೆ ಹಚ್ಚಿದರೂ ಕೆಲವು ದಿನ ಉಗುರನ್ನು ಬರಿದಾಗಿ ಬಿಡಬೇಕು. ಬಣ್ಣ ತೆಗೆಯುವ ದ್ರಾವಣ ಉಗುರನ್ನು ಒಣಗಿಸುತ್ತದೆ. ಅಂಟಿಸುವ ಕೃತಕ ಉಗುರು, ಜೆಲ್ ಬಣ್ಣಗಳು ಎಳೆಯ ಮಕ್ಕಳಿಗೆ ಬೇಡ. ಅವುಗಳಲ್ಲಿರುವ ಅಕ್ರಿಲೇಟ್ ಎಂಬ ರಾಸಾಯನಿಕಗಳಿಂದ ಕೆಲವರಿಗೆ ಬಾಳಿನುದ್ದಕ್ಕೂ ಬಿಡದ ಅಲರ್ಜಿ ತಗಲುವುದುಂಟು. ಜೆಲ್ ಬಣ್ಣಗಳಲ್ಲಿ ಬಳಸುತ್ತಿದ್ದ ಟಿಪಿಓ ಎಂಬ ಇನ್ನೊಂದು ಪದಾರ್ಥವನ್ನು ಯುರೋಪ್ ಒಕ್ಕೂಟವು 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ರೋಗಿಗಳನ್ನು ಮುಟ್ಟುವ ದಾದಿಯರು, ವೈದ್ಯರು ಕೃತಕ ಉಗುರು ಧರಿಸಬಾರದು, ಸಹಜ ಉಗುರನ್ನೂ ಅರ್ಧ ಸೆಂಟಿಮೀಟರ್‌ಗಿಂತ ಚಿಕ್ಕದಾಗಿ ಇಟ್ಟುಕೊಳ್ಳಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೇ ಸೂಚಿಸಿದೆ. ಇವನ್ನೆಲ್ಲ ಮಕ್ಕಳಿಗೆ ಕಾರಣ ಸಹಿತ ಹೇಳಿದರೆ ಅವರು ಕೇಳುತ್ತಾರೆ.

ಕಚ್ಚುವ ಚಾಳಿಗೆ ಮಾತ್ರ ಉಪದೇಶ ಸಾಲದು. ಸಂಜೆಯ ಹೊತ್ತಿಗೆ ಬೆರಳು ಬಾಯಿಗೆ ಹೋಗುವುದನ್ನು ಗಮನಿಸಿದ ಅಜ್ಜಿ, ಅದೇ ಹೊತ್ತಿಗೆ ಮೊರದ ತುಂಬ ಮಲ್ಲಿಗೆ ಮೊಗ್ಗನ್ನೂ ನೆನೆಸಿದ ಬಾಳೆನಾರನ್ನೂ ಮುಂದಿಟ್ಟು ಹೂ ಕಟ್ಟುವುದನ್ನು ಕಲಿಸಿದರು. ಎರಡು ಕೈಗೂ ಕೆಲಸವಿದ್ದರೆ ಬಾಯಿಗೆ ಹೋಗುವ ಬೆರಳು ಯಾವುದು? ಮೊದಲ ದಿನಗಳಲ್ಲಿ ಗಂಟು ಬಿಗಿಯದೆ ಮಾಲೆಯೆಲ್ಲ ಉದುರಿತು. ಹದಿನೈದು ದಿನಗಳಲ್ಲಿ ಪೂಜೆಗೆ ಬೇಕಾದ ಮಾಲೆಯನ್ನು ಆಕೆಯೇ ಕಟ್ಟತೊಡಗಿದಳು. ನಾನು ಆಕೆಯ ಬಳಿ ಕುಳಿತು, “ಅಂದು ತಾತನದು ತಪ್ಪಾಯಿತಮ್ಮ” ಎಂದೆ. ಆಕೆ ತಲೆಯೆತ್ತದೆ, “ನಾರು ಹಿಡ್ಕೊಳ್ಳಿ ತಾತ” ಎಂದಳು. ಕ್ಷಮೆ ದೊರೆಯಿತೆಂದು ತಿಳಿದುಕೊಂಡೆ.

ರಜೆ ಮುಗಿದು ನರಸೀಪುರಕ್ಕೆ ಬಿಡಲು ಹೋದಾಗ ಸಂಗಮದ ಮೆಟ್ಟಿಲಿನ ಮೇಲೆ ಸ್ವಲ್ಪ ಹೊತ್ತು ಕುಳಿತೆವು. ಆ ಊರಿಗೆ ಹೆಸರು ಬಂದುದು ಗುಂಜಾ ನರಸಿಂಹಸ್ವಾಮಿಯಿಂದ. “ತಾತ, ನರಸಿಂಹನ ಉಗುರನ್ನು ತೆಗೆಯುವವರು ಯಾರು?” ಎಂದು ಮಗು ಕೇಳಿತು. “ಕೋಪ ಇಳಿದ ಮೇಲೆ ತಾನೇ ತೆಗೆದುಕೊಂಡಿರಬೇಕಮ್ಮ” ಎಂದೆ. ಆಕೆ ಬಹಳ ಹೊತ್ತು ನಕ್ಕಳು.

ಶ್ರಾವಣದಲ್ಲಿ ದೀಕ್ಷೆಯಾಯಿತು. ಹಿಂದಿನ ಸಂಜೆ ಗೋರಂಟಿ ಸೊಪ್ಪನ್ನು ನಾನೇ ಕೊಯ್ದು ತಂದಿದ್ದೆ. ಗುರುಗಳ ಮುಂದೆ ಆಕೆ ಎಡಗೈಯನ್ನು ಅಳುಕದೆ ಚಾಚಿದಳು. ಒಂಬತ್ತು ಬೆರಳುಗಳಲ್ಲಿ ಉಗುರು ತುದಿಯವರೆಗೆ ಬಂದಿತ್ತು. ಬಲಗೈಯ ಹೆಬ್ಬೆರಳೊಂದು ಇನ್ನೂ ಮೊಟಕಾಗಿಯೇ ಇತ್ತು. ಪರೀಕ್ಷೆ ಬಂದರೆ ಅದನ್ನು ಈಗಲೂ ಕಚ್ಚುತ್ತಾಳಂತೆ. ನಾನು ಏನೂ ಹೇಳಲಿಲ್ಲ.

ತಾಯಂದಿರಲ್ಲಿಯೂ, ನನ್ನಂತಹ ತಾತಂದಿರಲ್ಲಿಯೂ ನನ್ನ ಬಿನ್ನಹವಿಷ್ಟೇ. ವಾರಕ್ಕೊಮ್ಮೆ ಹೆಣ್ಣುಮಗುವಿನ ಕೈಯನ್ನು ನಿಮ್ಮ ಕೈಯಲ್ಲಿ ತೆಗೆದುಕೊಂಡು ಬೆಳಕಿನಲ್ಲಿ ನೋಡಿರಿ. ಬಿಳಿಚಿದ್ದರೆ ವೈದ್ಯರನ್ನು ಕೇಳಿರಿ. ಕಚ್ಚಿದ್ದರೆ ಮಗುವನ್ನೇ ಕೇಳಿರಿ. ಲಿಂಗಯ್ಯನನ್ನು ಕೂರಿಸಿಕೊಳ್ಳುವ ಆ ಕೈಗೆ ಮೊದಲ ಸೇವೆ ಮನೆಯವರಿಂದಲೇ ಸಲ್ಲಲಿ.